ಜಪಾನಿಗೆ ಹೊರಟವರ ಕಿವಿಗೆ ಬೀಗ ಹಾಕಬೇಡಿ

'ಜಪಾನಿನಲ್ಲಿ ಕೆಲಸ' ಅನ್ನುವ ಕೋಚಿಂಗ್ ಪೋಸ್ಟರು ನಮ್ಮ ಕಡೆಯ ಬಸ್‌ಸ್ಟ್ಯಾಂಡ್ ಗೋಡೆಗೂ ಬಂದಿದೆ. ನರ್ಸಿಂಗ್ ಮುಗಿಸಿದವರು, ಐಟಿಐ ಮುಗಿಸಿದವರು ಸಾಲ ಮಾಡಿ ಫೀಸು ಕಟ್ಟುತ್ತಿದ್ದಾರೆ. ಅಂಥ ಕೆಲವರ ನೋಟ್‌ಬುಕ್ ತೆಗೆಸಿ ನೋಡಿದೆವು. ಜಪಾನಿ ಪದ ಇಂಗ್ಲಿಷ್ ಅಕ್ಷರದಲ್ಲಿ, ಪಕ್ಕದಲ್ಲಿ ಇಂಗ್ಲಿಷ್ ಅರ್ಥ, ಅದರ ಕೆಳಗೆ ಪೆನ್ಸಿಲಿನಲ್ಲಿ ಕನ್ನಡ. ಕೇಳುವ ಅಭ್ಯಾಸ ಎಲ್ಲಿ ಅಂದರೆ, ಪರೀಕ್ಷೆ ಹತ್ತಿರ ಬಂದಾಗ ಹಳೇ ಪ್ರಶ್ನೆಗಳ ಆಡಿಯೋ ಎರಡು ಸಲ ಹಾಕುತ್ತಾರಂತೆ. ಮೊಬೈಲಿನಲ್ಲಿ ಜಪಾನಿ ಸ್ಟ್ರೀಮರ್ ನೋಡುತ್ತಿದ್ದ ಹುಡುಗನಿಗೆ ಮಾತ್ರ 'ಟೈಂಪಾಸ್ ಮಾಡೋಕೆ ಬಂದ್ಯಾ' ಅಂತ ಬೈಗುಳ.

ಆ ಹುಡುಗ ಸರಿ, ಬೈದವರು ತಪ್ಪು ಅನ್ನುತ್ತೇವೆ ನಾವು.

ಮೊದಲು ಪರೀಕ್ಷೆಯ ಲೆಕ್ಕವನ್ನೇ ನೋಡಿ. ಜೆಎಲ್‌ಪಿಟಿಯ ಎನ್4 ಮಟ್ಟದಲ್ಲಿ ಒಟ್ಟು 180 ಅಂಕ, ಪಾಸಿಗೆ 90 ಸಾಕು. ಆದರೆ ಕೇಳುವ ಭಾಗದ 60ರಲ್ಲಿ 19 ಬರದಿದ್ದರೆ ಒಟ್ಟು ಎಷ್ಟೇ ಬಂದಿರಲಿ, ಫೇಲು. ಪರೀಕ್ಷೆಯಲ್ಲಿ ಆಡಿಯೋ ಒಂದೇ ಸಲ ಓಡುತ್ತದೆ. ವ್ಯಾಕರಣ ಉರು ಹೊಡೆದವರು ಎಡವುವುದು ಇಲ್ಲೇ.

ಪರೀಕ್ಷೆ ಒಂದು ದಿನದ್ದು. ಅಲ್ಲಿಗೆ ಹೋದ ಮೇಲೆ? ಜಪಾನ್ 2019ರ ಏಪ್ರಿಲ್‌ನಲ್ಲಿ ನಿರ್ದಿಷ್ಟ ಕೌಶಲ್ಯದವರಿಗೆ ಹೊಸ ವೀಸಾ ತೆರೆಯಿತು, 2021ರ ಜನವರಿಯಲ್ಲಿ ಭಾರತದ ಜೊತೆ ಒಪ್ಪಂದವಾಯಿತು. ಆ ಪಟ್ಟಿಯಲ್ಲಿ ವೃದ್ಧರ ಆರೈಕೆಯ ಕೆಲಸವೂ ಇದೆ. ಪುಸ್ತಕದಲ್ಲಿ 'ತೋಇರೆ ನಿ ಇಕಿತಾಯ್ ದೆಸು' ಅಂತ ಪೂರ್ತಿ ವಾಕ್ಯ, ಅಂದರೆ ಟಾಯ್ಲೆಟ್ಟಿಗೆ ಹೋಗಬೇಕು. ಹಾಸಿಗೆ ಹಿಡಿದ ಅಜ್ಜಿ ಹಾಗೆ ಮಾತಾಡುತ್ತಾಳಾ? 'ತೋಇರೆ ಇಕಿತಾಯ್' ಅಂದು ಸುಮ್ಮನಾಗುತ್ತಾಳೆ, ಅದೂ ಬಾಯೊಳಗೆ. ಒಸಾಕಾ ಕಡೆಯ ಅಜ್ಜನಾದರೆ 'ದಮೆ' ಅನ್ನುವ ಕಡೆ 'ಅಕನ್' ಅನ್ನುತ್ತಾನೆ. ನಮ್ಮ ಹುಡುಗಿಗೆ ಅದು ಕೇಳಿಸದಿದ್ದರೆ ತೊಂದರೆ ಅವಳಿಗೂ, ಆ ಮುದುಕರಿಗೂ.

ಸ್ಟ್ರೀಮರ್ ಯಾಕೆ ಬೇಕು ಅಂದರೆ, ಅವನ ಕೈಯಲ್ಲಿ ಬರೆದಿಟ್ಟ ಪಾಠ ಇಲ್ಲ. ತಡವರಿಸುತ್ತಾನೆ, 'ಎಎತೊ' ಅಂತ ಎಳೆಯುತ್ತಾನೆ, ಹೇಳಿದ್ದನ್ನೇ ಮತ್ತೆ ಹೇಳುತ್ತಾನೆ. ಮೈನ್‌ಕ್ರಾಫ್ಟ್ ಆಡುವವನು 'ಮಿಗಿ' ಅಂದರೆ ಬಲಕ್ಕೆ ತಿರುಗುತ್ತಾನೆ, 'ಉಶಿರೊ' ಅಂದರೆ ಹಿಂದೆ ನೋಡುತ್ತಾನೆ, 'ಅಬುನಾಯ್' ಅಂತ ಕೂಗಿದಾಗ ಅಪಾಯ ಪರದೆ ಮೇಲೇ ಕಾಣುತ್ತದೆ. ಡಿಕ್ಷನರಿ ಬೇಕಿಲ್ಲ. ಸುಮ್ಮನೆ ಹರಟೆ ಹೊಡೆಯುವ ಸ್ಟ್ರೀಮುಗಳೂ ಇವೆ, ಅದಕ್ಕೆ ಅವರು 'ಜತ್ಸುದನ್' ಅನ್ನುತ್ತಾರೆ. ನೋಡುಗರ ಕಾಮೆಂಟನ್ನು ಗಟ್ಟಿಯಾಗಿ ಓದಿ ಉತ್ತರ ಕೊಡುವುದು ಅಲ್ಲಿ ರೂಢಿ. ಕಾಮೆಂಟು ಪರದೆ ಮೇಲೂ ಇದ್ದರೆ ಕಣ್ಣಿಗೂ ಕಿವಿಗೂ ಒಟ್ಟಿಗೇ ಪಾಠ. ಹೊಲೊಲೈವ್, ನಿಜಿಸಂಜಿಯಂಥ ಕಡೆಯ ಕಾರ್ಟೂನ್ ಮುಖದ ವಿಟ್ಯೂಬರ್‌ಗಳು ಇದನ್ನು ಚೆನ್ನಾಗಿ ಮಾಡುತ್ತಾರೆ, ಆದರೆ ಹೊಸಬರಿಗೆ ಅವರ ಓಟ ಜಾಸ್ತಿ. ಅಕ್ಷರಾಭ್ಯಾಸದ ಹಂತದಲ್ಲಿರುವವರು 'ಕಾಂಪ್ರಿಹೆನ್ಸಿಬಲ್ ಜಪಾನೀಸ್' ಎಂಬ ಯೂಟ್ಯೂಬ್ ಚಾನೆಲ್ಲಿನಿಂದ ಶುರು ಮಾಡಲಿ.

ನಮಗೆ ನಿಜಕ್ಕೂ ಸಿಟ್ಟು ಬರುವುದು ಇಂಗ್ಲಿಷಿನ ಮೂಲಕ ಸುತ್ತಿಸುವುದಕ್ಕೆ. ಜಪಾನಿ ವಾಕ್ಯ ಕನ್ನಡದ ಹಾಗೇ ಕ್ರಿಯಾಪದದಲ್ಲಿ ಮುಗಿಯುತ್ತದೆ. 'ತಬೆತೆ ಮಿರು' ಅಂದರೆ ಪದಕ್ಕೆ ಪದ 'ತಿಂದು ನೋಡು'ವುದು. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಅರ್ಧ ಪುಟ ಬೇಕು, ನಮ್ಮ ಮನೆಯಲ್ಲಿ ದಿನಾ ಆಡುವ ಮಾತು! 'ತಬೆತೆ ಶಿಮತ್ತ' ಅಂದರೆ 'ತಿಂದುಬಿಟ್ಟೆ'. ನಾವು 'ಮಾಡಿಬಿಟ್ಟೆ'ಯನ್ನು 'ಮಾಡ್ಬಿಟ್ಟೆ' ಅಂದ ಹಾಗೆ ಸ್ಟ್ರೀಮರ್ ಅದನ್ನು 'ತಬೆಚತ್ತ' ಅನ್ನುತ್ತಾನೆ. 'ವಕರನಾಯ್' (ಗೊತ್ತಿಲ್ಲ) ಅನ್ನುವುದು 'ವಕನ್ನಾಯ್' ಆಗುತ್ತದೆ. ಈ ಸವೆದ ರೂಪ ಕಿವಿಗೆ ಬಿದ್ದೇ ಬರಬೇಕು. 'ಒಬಸನ್' ಅಂದರೆ ಅತ್ತೆ, ಚಿಕ್ಕಮ್ಮನಂಥವರು, 'ಒಬಾಸನ್' ಅಂದರೆ ಅಜ್ಜಿ. 'ಕಿತೆ' ಅಂದರೆ ಬಾ, 'ಕಿತ್ತೆ' ಅಂದರೆ ಅಂಚೆಚೀಟಿ. ಹ್ರಸ್ವ ದೀರ್ಘ, ಒತ್ತಕ್ಷರ ಕೇಳಿಯೇ ಬೆಳೆದವರು ನಾವು. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಸಿ ಕಿವಿ ಕೆಡಿಸುವುದು ಯಾವ ಸೀಮೆಯ ಪಾಠ?

ಮೇಷ್ಟ್ರುಗಳ ಒಂದು ಆಕ್ಷೇಪ ಒಪ್ಪಬೇಕಾದ್ದೇ. ಸ್ಟ್ರೀಮರ್ 'ಒರೆ', 'ಒಮಾಎ' ಅನ್ನುವುದನ್ನು ಕಲಿತು ಆರೈಕೆ ಮನೆಯ ಹಿರಿಯರ ಮುಂದೆ ಆಡಿದರೆ, ಊರ ಹಿರಿಯರಿಗೆ 'ಏನಲೇ' ಅಂದಂತೆ. ಬಾಯಿಗೆ ಪುಸ್ತಕದ ಮರ್ಯಾದೆಯ ಮಾತೇ ಇರಲಿ, ಕಿವಿಗೆ ಸ್ಟ್ರೀಮರ್ ಇರಲಿ. ಇಷ್ಟು ಹೇಳಿಕೊಡುವುದು ಬಿಟ್ಟು ಮೊಬೈಲನ್ನೇ ಕಿತ್ತುಕೊಂಡರೆ ಏನು ಬಂತು?

'ಬರೀ ನೋಡ್ತಾ ಇರಿ, ಭಾಷೆ ತಾನಾಗಿ ಬರುತ್ತೆ' ಅನ್ನುವ ರೀಲ್ಸ್ ಪಂಡಿತರನ್ನೂ ನಾವು ನಂಬುವುದಿಲ್ಲ. ಮೂರು ತಾಸಿನ ಸ್ಟ್ರೀಮು ಹಾಕಿಟ್ಟು ವಾಟ್ಸಾಪ್ ನೋಡಿದರೆ ಕಿವಿಗೆ ಅದು ಮಳೆ ಸದ್ದು. ಮುಗಿದ ಸ್ಟ್ರೀಮಿನ ರೆಕಾರ್ಡಿಂಗ್ ಹಿಡಿಯಿರಿ, ಐದೇ ನಿಮಿಷ ಸಾಕು. ಮೊದಲು ಸಬ್‌ಟೈಟಲ್ ಇಲ್ಲದೆ ಕೇಳಿ. ಆಮೇಲೆ ವೇಗ 0.75ಕ್ಕೆ ಇಳಿಸಿ, ಕೇಳಿದ್ದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ನಂತರ ಜಪಾನಿ ಸಬ್‌ಟೈಟಲ್ ಹಾಕಿ ತಾಳೆ ನೋಡಿ. ತಾನಾಗಿ ಬರುವ ಸಬ್‌ಟೈಟಲ್ ತಪ್ಪುವುದುಂಟು, ಅದನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ. ಡೇಟಾ ಉಳಿಸಲು 144ಪಿ ಸಾಕು, ಬೇಕಾದ್ದು ದನಿ ತಾನೇ. ನೇರಪ್ರಸಾರವೇ ಬೇಕು ಅನ್ನುವವರಿಗೆ ಇನ್ನೊಂದು ಮಾತು: ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿ ರಾತ್ರಿ 9ಕ್ಕೆ ಕೂತವನ ಸ್ಟ್ರೀಮು ಇಲ್ಲಿ ಸಂಜೆ 5.30ಕ್ಕೆ, ಹಾಲು ಕರೆಯುವ ಹೊತ್ತಿಗೆ.

ಇನ್ನೂ ಫೀಸು ಕಟ್ಟದವರು ಕೋಚಿಂಗ್‌ನವರನ್ನು ಮೂರು ಮಾತು ಕೇಳಿ. ವಾರಕ್ಕೆ ಎಷ್ಟು ಗಂಟೆ ಜಪಾನಿಯರ ದನಿ ಕೇಳಿಸುತ್ತೀರಿ? ಕನ್ನಡದಲ್ಲಿ ವಿವರಿಸಲು ಯಾರಿದ್ದಾರೆ? ಹೋದ ಬ್ಯಾಚಿನವರು ಕೇಳುವ ಭಾಗದಲ್ಲಿ ತೆಗೆದ ಅಂಕವೆಷ್ಟು? ಅಂಕಪಟ್ಟಿಯಲ್ಲಿ ಅದು ಬೇರೆಯಾಗಿಯೇ ಇರುತ್ತದೆ, ತೋರಿಸಿ ಅನ್ನಿ.