ಚಪ್ಪರವೇ ಮನೆಯಾದ ಕಥೆ

ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ನನಗೆ 'ಮೈಸೂರು ಚಲೋ' ಬಲು ಇಷ್ಟದ ಪಾಠ. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರು ಸಂಸ್ಥಾನದ ಆಡಳಿತ ಮಹಾರಾಜರ, ದಿವಾನರ ಕೈಯಲ್ಲೇ ಇತ್ತು. ಸೆಪ್ಟೆಂಬರಿನಲ್ಲಿ ಜನ ಬೀದಿಗಿಳಿದರು, ಜೈಲಿಗೆ ಹೋದರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಸಂವಿಧಾನ, ಚುನಾವಣೆ ಎಲ್ಲ ಆಗುವವರೆಗಿನ ಮಧ್ಯಂತರ ಏರ್ಪಾಡು ಅದು.

ಒಮ್ಮೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಮಿಸ್, ಅದರಲ್ಲಿ ಹೆಂಗಸರು ಎಷ್ಟು ಜನ?" ಎಂದಳು. ಒಬ್ಬರೂ ಇಲ್ಲ. ಅಷ್ಟು ವರ್ಷ ಪಾಠ ಹೇಳಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಆ ಮಂಡಲದಲ್ಲಿ ಎಚ್.ಸಿ. ದಾಸಪ್ಪನವರಿದ್ದರು. ಅವರ ಹೆಂಡತಿ ಯಶೋಧರಾ ದಾಸಪ್ಪನವರೂ ಹೋರಾಟದಲ್ಲಿದ್ದವರೇ. ಆದರೆ ಆಕೆ ಮಂತ್ರಿಯಾಗಲು 1960ರ ದಶಕ ಬರಬೇಕಾಯಿತು. ದೆಹಲಿಯ ಸಂವಿಧಾನ ಸಭೆಗೆ ಮೈಸೂರು ಕಳಿಸಿದ ಏಳು ಮಂದಿಯೂ ಗಂಡಸರು. ನಮ್ಮ ರಾಮನಗರದ ಕಡೆಯ ಕೆಂಗಲ್ ಹನುಮಂತಯ್ಯನವರು ಅವರಲ್ಲೊಬ್ಬರು ಎಂಬ ಹೆಮ್ಮೆ ನನಗೂ ಇದೆ. ಆದರೆ ಅದೇ ಸಭೆಗೆ ತಿರುವಾಂಕೂರಿನ ಕಡೆಯಿಂದ ಆನಿ ಮಸ್ಕರೀನ್ ಹೋಗಿದ್ದರು. ಅವರಿಗೆ ಸಾಧ್ಯವಾದದ್ದು ನಮಗೇಕೆ ಆಗಲಿಲ್ಲ?

"ಆಗ ಓದಿದ ಹೆಂಗಸರು ಎಲ್ಲಿದ್ದರಮ್ಮ?" ಎನ್ನುತ್ತಾರೆ. ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳು ಇರಲಿಲ್ಲವೇ? "ಅದು ತಾತ್ಕಾಲಿಕ ಸರ್ಕಾರ, ಅದಕ್ಕೇಕೆ ಇಷ್ಟು ಲೆಕ್ಕ?" ಎನ್ನುವವರೂ ಇದ್ದಾರೆ. ನನ್ನ ಜಗಳವಿರುವುದು ಈ ಮಾತಿನ ಮೇಲೆಯೇ. ಆ ತಾತ್ಕಾಲಿಕ ಏರ್ಪಾಡು 1952ರವರೆಗೆ ನಡೆಯಿತು. ಯಾರು ಎಲ್ಲಿ ಕೂರಬೇಕೆಂಬ ರೂಢಿ ಬಿದ್ದದ್ದೂ ಆಗಲೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ 'ತಾತ್ಕಾಲಿಕ ಸಮಿತಿ' ಮಾಡಿದರು. ಹಣದ ಲೆಕ್ಕ ಮೇಷ್ಟರುಗಳಿಗೆ. ರಂಗೋಲಿ, ಕಾಫಿ, ಆರತಿ ತಟ್ಟೆ ನಮಗೆ. "ಈ ಸಲಕ್ಕೆ ಹೀಗಿರಲಿ ಮೇಡಂ" ಎಂದರು. ಆರು ವರ್ಷವೂ ಹಾಗೇ ಇತ್ತು. ಮೊದಲನೇ ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದೇ ತಪ್ಪು.

ಈಗ ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರದು. ಆದರೂ ಮಾಗಡಿ, ಕನಕಪುರ, ಚನ್ನಪಟ್ಟಣ, ಎಲ್ಲಿಯ ಹಳ್ಳಿಗೇ ಹೋಗಿ, ಸದಸ್ಯೆಯನ್ನು ಕೇಳಿದರೆ "ನಮ್ಮ ಯಜಮಾನರನ್ನು ಕೇಳಿ" ಎನ್ನುವವರು ಸಿಗುತ್ತಾರೆ. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಕೊಡುವ ತಿದ್ದುಪಡಿ 2023ರಲ್ಲಿ ಆಯಿತು. ಅದರಲ್ಲೂ ಜನಗಣತಿ ಆಗಲಿ, ಕ್ಷೇತ್ರ ವಿಂಗಡಣೆ ಆಗಲಿ, ಆಮೇಲೆ ಎಂದು ಬರೆದರು. ಮತ್ತದೇ 'ಸದ್ಯಕ್ಕೆ'!

ಸೋದರಿಯರೇ, ಮಹಿಳಾ ಸಮಾಜವಿರಲಿ, ದೇವಸ್ಥಾನದ ಕಮಿಟಿಯಿರಲಿ, "ಸದ್ಯಕ್ಕೆ ಹೀಗಿರಲಿ" ಎಂಬ ಮಾತು ಬಂದ ದಿನವೇ ಎದ್ದು ನಿಂತು ಕೇಳಿ. ಚಪ್ಪರ ಹಾಕುವಾಗ ಸಿಗದ ಜಾಗ ಮನೆ ಕಟ್ಟಿದ ಮೇಲೆ ಸುಲಭವಾಗಿ ಸಿಗುವುದಿಲ್ಲ. ನನ್ನ ಹಿಂದಿನ ಬೆಂಚಿನ ಹುಡುಗಿಗೆ ಇದು ಗೊತ್ತಿತ್ತು. ನನಗೆ ಗೊತ್ತಾಗಲು ಐವತ್ತು ದಾಟಬೇಕಾಯಿತು.