ಮೊದಲು ಮಾಳಿಗೆ, ಆಮೇಲೆ ಸೋಲಾರ್

ಏಪ್ರಿಲ್‌ ಸಂಜೆ ಆರಕ್ಕೆ ಬಾಗಲಕೋಟೆ ಜಿಲ್ಲೆಯ ಬೇವೂರು ಕಡೆಯ ಯಾವುದಾದರೂ ಹಳೆಯ ಆರ್‌ಸಿಸಿ ಕಚೇರಿಯ ಮಾಳಿಗೆ ಹತ್ತಿ ಅಂಗೈ ಊರಿ ನೋಡಿ. ಬಿಸಿಲು ಇಳಿದಿರುತ್ತದೆ, ಕಾಂಕ್ರೀಟ್ ಆರಿರುವುದಿಲ್ಲ. ಹಗಲೆಲ್ಲ ಹೀರಿದ ಕಾವನ್ನು ಅದು ನಿಧಾನವಾಗಿ ಒಳಗೆ ಇಳಿಸುತ್ತಿರುತ್ತದೆ. ಕೆಳಗೆ ಕೂತವರಿಗೆ ಫ್ಯಾನು ಬೀಸುವುದು ಬಿಸಿಗಾಳಿಯನ್ನೇ.

ಇಂಥ ಕಟ್ಟಡ ಸುಧಾರಿಸುವ ಮಾತೆತ್ತಿದರೆ ಎಸಿ ಹಾಕಿ, ಸೋಲಾರ್ ಕೂಡಿಸಿ, ಇಲ್ಲವೇ ಕೆಡವಿ ಹೊಸದು ಕಟ್ಟಿ ಎನ್ನುತ್ತಾರೆ. ಮೂರೂ ಆಮೇಲಿನ ಮಾತು. ಮೊದಲು ಶಾಖ ಬರುವ ದಾರಿ ತಡೆಯಬೇಕು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 1931ರದ್ದು. 2009ರಲ್ಲಿ ಅದರ ಸುಧಾರಣೆಗೆ ಕೈಹಾಕಿದವರು ಅದರ 6,514 ಕಿಟಕಿಗಳನ್ನು ಬಿಚ್ಚಿ, ಹಳೆಯ ಗಾಜನ್ನೇ ಬಳಸಿ, ನಡುವೆ ಶಾಖ ತಡೆಯುವ ಪದರ ಸೇರಿಸಿ ಮತ್ತೆ ಜೋಡಿಸಿದರು. ಒಳಬರುವ ಶಾಖ ತಗ್ಗಿತು. ಹೆಚ್ಚು ಸಾಮರ್ಥ್ಯದ ತಂಪುಯಂತ್ರ ಕೊಳ್ಳುವ ಪ್ರಮೇಯ ಬರಲಿಲ್ಲ.

ನಮ್ಮಲ್ಲಿ ಶಾಖದ ದಾರಿ ಮಾಳಿಗೆ. ಹಿರಿಯರು ದಪ್ಪ ಮಣ್ಣು ಹೊದಿಸಿ ಅದನ್ನು ತಡೆದಿದ್ದರು. ಕಾಂಕ್ರೀಟಿಗಾದರೆ ಬಿರುಕು ಮುಚ್ಚಿ, ಬೇಸಿಗೆಗೆ ಮುಂಚೆ ಎರಡು ಸಲ ಗಟ್ಟಿಯಾಗಿ ಸುಣ್ಣ ಹೊಡೆಯಬೇಕು. ಬಿಳುಪು ಬಿಸಿಲನ್ನು ಹಿಂದಕ್ಕೆ ತಿರುಗಿಸುತ್ತದೆ. ಬಾಗಲಕೋಟೆಯಂಥ ಸುಣ್ಣದ ಕಲ್ಲಿನ ಸೀಮೆಯಲ್ಲಿ ಇದನ್ನು ಮರೆತದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

ಇನ್ನು ಫ್ಯಾನು. ಹಳೆಯದು ಸುಮಾರು 75 ವ್ಯಾಟ್ ತಿನ್ನುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ಹತ್ತು ಫ್ಯಾನು ಎಂಟು ತಾಸು ತಿರುಗಿದರೆ ದಿನಕ್ಕೆ 3.6 ಯುನಿಟ್ ಉಳಿತಾಯ.

ನೀರಿಗೂ ಮಾಳಿಗೆಯೇ ಆಧಾರ. ಬಾದಾಮಿಯ ಅಗಸ್ತ್ಯತೀರ್ಥದ ಕೆರೆಗೆ ಸುತ್ತಲಿನ ಬಂಡೆಗಳ ಮೇಲಿಂದ ಮಳೆನೀರು ಇಳಿದು ಬರುತ್ತದೆ. ಮಾಳಿಗೆಯೂ ಅಂಥದೇ ಬಂಡೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಭಾಗದಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಹಿಡಿದರೆ, 200 ಚದರ ಮೀಟರ್ ಮಾಳಿಗೆಯಿಂದ, ಐದರಲ್ಲೊಂದು ಪಾಲು ಪೋಲಾದರೂ, 88,000 ಲೀಟರ್. ಮೊದಲ ಮಳೆ ಹರಿಯಬಿಟ್ಟು ಉಳಿದದ್ದನ್ನು ಶೌಚಾಲಯಕ್ಕೆ, ಗಿಡಗಳಿಗೆ ಹಿಡಿದಿಡಬಹುದು. ಮಿಕ್ಕ ನೀರಿಗೆ ಇಂಗುಗುಂಡಿ ತೋಡುವುದಾದರೆ, ಎರೆ ನೆಲದಲ್ಲಿ ಅದು ಬುನಾದಿಯಿಂದ ದೂರವೇ ಇರಬೇಕು. ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುವ ಆ ಮಣ್ಣು ಗೋಡೆ ಸೀಳುತ್ತದೆ.

ಬೆಂಗಳೂರು ಜಲಮಂಡಳಿ 2024ರ ಬರದಲ್ಲಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಕಡ್ಡಾಯ ಮಾಡಿತು. ನಾವು ಬರಕ್ಕೆ ಕಾಯಬೇಕಿಲ್ಲ. ಸೋರಿಕೆ ಪತ್ತೆಗೆ ಫ್ಲಶ್ ತೊಟ್ಟಿಗೆ ಶಿರಾಕ್ಕೆ ಹಾಕುವ ಕೇಸರಿ ಬಣ್ಣ ಚಿಟಿಕೆ ಹಾಕಿ ಅರ್ಧ ತಾಸು ಬಿಡಿ. ಯಾರೂ ಬಳಸದೆ ಕೆಳಗೆ ಬಣ್ಣ ಇಳಿದರೆ ಒಳಗಿನ ವಾಷರ್ ಸವೆದಿದೆ, ಹಗಲು ರಾತ್ರಿ ನೀರು ಹೋಗುತ್ತಿದೆ.

ಇಷ್ಟು ಮಾಡಿ ಒಂದು ಬೇಸಿಗೆ ಕಳೆಯಿರಿ. ಆಗ ಬರುವ ಹೆಸ್ಕಾಂ ವಿದ್ಯುತ್ ಬಿಲ್ಲು ಹಿಡಿದು ಸೋಲಾರ್ ಲೆಕ್ಕ ಹಾಕಿಸಿ. ಪ್ಯಾನೆಲ್ ಕಡಿಮೆ ಸಾಕಾಗುತ್ತವೆ.