ಅಡಿಕೆ, ಅರ್ಬುದ ಮತ್ತು ಶಾಲೆಯ ಬಳಿಯ ಪೊಟ್ಟಣ

ಅಡಿಕೆ ಅರ್ಬುದಕಾರಕವೇ ಎಂಬ ಚರ್ಚೆ ಕಾಸರಗೋಡಿನ ಕನ್ನಡ ಕುಟುಂಬಗಳಿಗೆ ದೂರದ ಮಾತಲ್ಲ. ನಮ್ಮಲ್ಲಿ ಅನೇಕರ ಮನೆಯ ಖರ್ಚು ಹುಟ್ಟುವುದೇ ಕಂಗಿನ ತೋಟದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಸಂಸ್ಥೆಯು ಅಡಿಕೆಯನ್ನು ಮೊದಲ ವರ್ಗದ ಅರ್ಬುದಕಾರಕಗಳ ಪಟ್ಟಿಗೆ ಸೇರಿಸಿದ ವರದಿ 2004ರಲ್ಲೇ ಪ್ರಕಟವಾಯಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ. ದೋಷ ತಂಬಾಕಿನದು ಎಂಬುದು ಅವರ ವಾದ. ತಂಬಾಕಿನ ಪಾಲು ದೊಡ್ಡದು ನಿಜ. ಆದರೆ ತೈವಾನಿನಲ್ಲಿ ವೀಳ್ಯಕ್ಕೆ ತಂಬಾಕು ಸೇರಿಸುವ ರೂಢಿಯಿಲ್ಲ. ಅಲ್ಲಿಯೂ ಅಡಿಕೆ ಜಗಿಯುವವರಲ್ಲಿ ಬಾಯಿಯ ಅರ್ಬುದ ಹೆಚ್ಚಾಗಿ ಕಂಡುಬಂದಿದೆ. 2022ರಲ್ಲಿ ಭಾರತದಲ್ಲಿ ಸುಮಾರು 83,400 ಬಾಯಿ ಅರ್ಬುದಗಳಿಗೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣವೆಂದು ಅದೇ ಸಂಸ್ಥೆ ಅಂದಾಜಿಸಿದೆ.

ಜೀವಕೋಶದೊಳಗೆ ನಡೆಯುವುದೇನು? ಅಡಿಕೆಯ ಅರೆಕೋಲಿನ್ ಮುಂತಾದ ಕ್ಷಾರಾಭಗಳಿಂದ ಬಾಯಿಯಲ್ಲಿ ನೈಟ್ರೋಸಮೀನ್‌ಗಳು ಉಂಟಾಗುತ್ತವೆ. ಅವು ಡಿಎನ್‌ಎಗೆ ಅಂಟಿ, ನಕಲಾಗುವಾಗ ಅಕ್ಷರ ತಪ್ಪುವಂತೆ ಮಾಡಬಲ್ಲವು. ಕೆಟ್ಟ ಕೋಶವನ್ನು ತಡೆಯುವ ಪಿ53 ಎಂಬ ವಂಶವಾಹಿಯಲ್ಲಿ ತಪ್ಪು ಬಿದ್ದರೆ ಕಾವಲು ಹೋಯಿತು. ಇದು ಉತ್ಪರಿವರ್ತನೆ. ಎಪಿಜೆನೆಟಿಕ್ ಬದಲಾವಣೆಯ ಬಗೆ ಬೇರೆ: ಪಾಠಪುಸ್ತಕದಲ್ಲಿ ಅಕ್ಷರಗಳೆಲ್ಲ ಸರಿಯಿದ್ದೂ ಹಾಳೆಗಳು ಅಂಟಿಕೊಂಡರೆ ಓದಲಾಗದಲ್ಲವೇ? ಹಾಗೆಯೇ, ಕೋಶವಿಭಜನೆಗೆ ಕಡಿವಾಣ ಹಾಕುವ ಪಿ16 ವಂಶವಾಹಿಯ ಆರಂಭಭಾಗಕ್ಕೆ ಮೀಥೈಲ್ ಗುಂಪುಗಳು ಸೇರಿದರೆ ಅದು ಮೂಕವಾಗುತ್ತದೆ. ಬಾಯಿಯ ಅರ್ಬುದದಲ್ಲಿ ಇವೆರಡೂ ಕಾಣಸಿಗುತ್ತವೆ. ಒಂದೇ ತಪ್ಪು ಸಾಲದು. ಹಲವು ವರ್ಷಗಳಲ್ಲಿ ಇಂಥ ಹಲವು ಕೂಡಿಕೊಳ್ಳಬೇಕು. ಎಳೆಯ ವಯಸ್ಸಿನಲ್ಲಿ ಆರಂಭವಾದ ಚಟ ಹೆಚ್ಚು ಅಪಾಯಕರವಾಗುವುದು ಇದರಿಂದಲೇ.

'ವಂಶವಾಹಿ' ಎಂಬ ಪದ ಕೇಳಿ ಇದು ವಂಶದ ರೋಗವೆಂದು ಭಾವಿಸುವವರಿದ್ದಾರೆ. ಸಂಬಂಧ ಕೂಡಿಸುವಾಗಲೂ ಈ ಅಳುಕು ನುಸುಳುತ್ತದೆ. ಜಗಿಯುವುದರಿಂದ ಬಾಯಿಯ ಕೋಶಗಳಲ್ಲಾದ ಉತ್ಪರಿವರ್ತನೆ ಅಲ್ಲಿಯೇ ಉಳಿಯುತ್ತದೆ, ಮಕ್ಕಳಿಗೆ ಹರಿಯುವುದಿಲ್ಲ.

ಮಕ್ಕಳಿಗೆ ತಲಪುವುದು ಪೊಟ್ಟಣ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವುದನ್ನು 2003ರ ಕಾಯ್ದೆ ನಿಷೇಧಿಸಿದೆ. ತಂಬಾಕು ಸೇರದ ಸಿಹಿ ಸುಪಾರಿಗೆ ಆ ಕಾಯ್ದೆ ಅನ್ವಯಿಸದು. ತೋಟದ ಬೆಲೆ ಕುಸಿಯದಂತೆ ಸರಕಾರವನ್ನು ಕೇಳುವ ಹಕ್ಕು ನಮಗಿದೆ, ಕೇಳಲೇಬೇಕು. ಅದರೊಂದಿಗೆ, ಶಾಲೆಯೆದುರಿನ ಅಂಗಡಿಗಳಲ್ಲಿ ಸಿಹಿ ಸುಪಾರಿಯನ್ನು ಮಕ್ಕಳಿಗೆ ಕೊಡಬಾರದೆಂಬ ಬೇಡಿಕೆಯನ್ನೂ, ಕನ್ನಡದಲ್ಲಿ ಎಚ್ಚರಿಕೆಯ ಫಲಕ ಬೇಕೆಂಬುದನ್ನೂ ನಮ್ಮ ರಕ್ಷಕ-ಶಿಕ್ಷಕ ಸಂಘಗಳು ಪಂಚಾಯತಿನ ಮುಂದಿಡಬಹುದು.